ತೆನೆಯಲ್ಲೇ ಮೊಳೆಯದ ಕಾಳು

ಭರಣಿ ಮಳೆಗೆ ಮುಂಚಿನ ಮಣ್ಣನ್ನು ನೋಡಲೆಂದೇ ಆರು ಬೇಸಿಗೆ ನಾನು ನಂಜನಗೂಡಿನಿಂದ ತಿರುಮಕೂಡಲಿನ ಕಡೆಗೆ ಕಪಿಲೆಯ ದಂಡೆ ಹಿಡಿದು ನಡೆದಿದ್ದೇನೆ. ಉತ್ತ ಹೊಲದ ಹೆಂಟೆಗಳು ಕಾದ ಇಟ್ಟಿಗೆಗಳಂತೆ ಬಿದ್ದಿರುತ್ತವೆ. ಮೇಲೆ ಕಾವಿ, ಮುರಿದರೆ ಒಳಗೆ ಕಂದುಗಪ್ಪು. ನಡುನಡುವೆ ಸುಣ್ಣಕಲ್ಲಿನ ಹರಳು, ಬಿಸಿಲಿಗೆ ಬಿಳಿಚಿದ ಬಸವನಹುಳುವಿನ ಚಿಪ್ಪು. ಬಿರುಕಿಗೆ ಮಸೂರ ಹಿಡಿದು ಮೊಣಕಾಲೂರಿ ಕೂತರೆ, ಕೊಳೆತ ಬೇರಿನ ತುಣುಕಿನ ಮೇಲೆ ವಿಭೂತಿ ಉದುರಿಸಿದಂಥ ಚುಕ್ಕೆಗಳು. ಅಚ್ಚ ಬಿಳುಪಲ್ಲ, ನಸುನೀಲಿ ಬೆರೆತ ಬೂದಿ. ಸ್ಟ್ರೆಪ್ಟೊಮೈಸಿಸ್. ನೋಡಲು ಬೂಷ್ಟು, ಜಾತಿಯಲ್ಲಿ ಬ್ಯಾಕ್ಟೀರಿಯಾ. ಮೊದಲ ಹನಿಗೆ ಏಳುವ ಮಣ್ಣಿನ ಗಂಧದಲ್ಲಿ ಇವುಗಳ ಪಾಲು ದೊಡ್ಡದು. ಆ ಗಂಧದ ವಸ್ತುವಿಗೆ 1965ರಲ್ಲಿ ಜಿಯೋಸ್ಮಿನ್ ಎಂಬ ಹೆಸರು ಬಂತು.

ಮನೆಯಲ್ಲಿ ಬೆಂದ ಆಲೂಗೆಡ್ಡೆಯ ಬಿಲ್ಲೆಗಳ ಮೇಲೆ ಈ ಮಣ್ಣನ್ನು ಚಿಟಿಕೆಯಷ್ಟು ಉದುರಿಸಿ ಡಬ್ಬಿಯಲ್ಲಿಟ್ಟೆ. ಎರಡು ಸಲ ಬರೀ ಲೋಳೆ ಬಂತು. ಅದು ಹುಲ್ಲಿನ ಮೆದೆಯಲ್ಲೂ ಇರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಅದರ ಬೀಜಕದ ತಿರುಳಲ್ಲಿ ಕ್ಯಾಲ್ಸಿಯಂ ಡೈಪಿಕೊಲಿನಿಕ್ ಆಮ್ಲದೊಡನೆ ಗಿಡಿದುಕೊಂಡಿದ್ದು ನೀರಿಗೆ ಹೆಚ್ಚು ಜಾಗ ಬಿಡದು. ಕುದಿನೀರನ್ನೂ ಅದು ತಡೆದುಕೊಂಡು ಉಳಿಯುತ್ತದೆ. ಮೂರನೆಯ ಸಲ ಗೆಡ್ಡೆಯನ್ನು ಕುಕ್ಕರಿನಲ್ಲಿ ಬೇಯಿಸಿ, ಮಣ್ಣನ್ನು ಒಣಗಿಸಿ ಹಾಕಿದೆ. ನಾಲ್ಕನೆಯ ದಿನ ಸಾಸಿವೆಗಿಂತ ಸಣ್ಣ, ಮೇಣದ ಹೊಳಪಿನ ಗುಬುಟು. ಆರನೆಯ ದಿನ ಅದರ ಮೇಲೆ ಬಿಳಿ ನವಿರು ಎದ್ದಿತು. ಒಂಬತ್ತಕ್ಕೆ ಬೂದಿ ಬಣ್ಣ ನಡುವಿನಿಂದ ಅಂಚಿಗೆ ಹಬ್ಬಿತು, ಮುಗಿಲ ನೆರಳು ಗದ್ದೆಯ ಮೇಲೆ ಸರಿದಂತೆ. ಸೂಕ್ಷ್ಮದರ್ಶಕದಲ್ಲಿ ಗಾಳಿಗೆ ಚಾಚಿದ ಎಳೆಗಳ ತುದಿ ಸಡಿಲವಾಗಿ ಸುರುಳಿ ಸುತ್ತಿತ್ತು. ಎರಡು ದಿನದಲ್ಲಿ ಆ ಸುರುಳಿ ಮಣಿಮಣಿಯಾಗಿ ತುಂಡರಿಸಿತು. ಒಂದೊಂದು ಮಣಿಯೂ ಒಂದು ಬೀಜಕ. ಮಣಿಗಳು ಹಾಗೇ ಸರದಲ್ಲಿ ನಿಂತವು. ದಿನಗಟ್ಟಲೆ ಇಣುಕಿದೆ, ಒಂದೂ ಮೊಳೆಯಲಿಲ್ಲ. ಪಕ್ಕದಲ್ಲೇ ತೇವವಿತ್ತು, ಕಾಲಡಿಯಲ್ಲಿ ಪಿಷ್ಟವಿತ್ತು.

ಈ ಕಾಯುವಿಕೆಯ ಒಂದು ಗುಟ್ಟು 2008ರಲ್ಲಿ ಹೊರಬಿತ್ತು. ಇದೇ ಕುಲದ ಸ್ಟ್ರೆಪ್ಟೊಮೈಸಿಸ್ ಕೋಯೆಲಿಕಲರ್‌ನಲ್ಲಿ ಕ್ಯಾಬ್‌ಸಿ ಎಂಬ ಪ್ರೋಟೀನ್ ಇದೆ. ಕ್ಯಾಲ್ಸಿಯಂ ಹಿಡಿಯುವುದು ಅದರ ಕಸುಬು. ಹಿಡಿಯುವ ಬಗೆಯನ್ನು ಮೊದಲು ಕಂಡದ್ದು ಕಾರ್ಪ್ ಮೀನಿನ ಸ್ನಾಯುವಿನಲ್ಲಿ, 1973ರಲ್ಲಿ: ತೋರುಬೆರಳು, ಹೆಬ್ಬೆರಳು ಚಾಚಿದ ಬಲಗೈಯಂಥ ಆಕಾರ, ನಡುವೆ 12 ಅಮೈನೋ ಆಮ್ಲಗಳ ಕುಣಿಕೆ, ಕುಣಿಕೆಯೊಳಗೆ ಕ್ಯಾಲ್ಸಿಯಂ. ಮೀನಿನ ಮಾಂಸದಲ್ಲಿದ್ದ ಆ ಕೈಯೇ ಹೊಲದ ಮಣ್ಣಿನಲ್ಲೂ ಇದೆಯೆಂದು ತಿಳಿದ ದಿನ ನಾನು ಬಹಳ ಹೊತ್ತು ಹೊಳೆಯನ್ನೇ ನೋಡುತ್ತ ಕೂತಿದ್ದೆ. ಆ ಪ್ರೋಟೀನಿನ ಜೀನನ್ನು ಕೆಡಿಸಿದಾಗ ಎಳೆಗಳು ಒತ್ತೊತ್ತಾಗಿ ಎದ್ದವು, ತುದಿಗಳು ಊದಿಕೊಂಡವು, ಬೀಜಕಗಳು ಸರದಲ್ಲಿರುವಾಗಲೇ ಮೊಳೆತವು. ಪ್ರೋಟೀನನ್ನು ಹೆಚ್ಚಿಸಿದಾಗ ಬೆಳವಣಿಗೆಯೇ ತಡವಾಯಿತು. ಜೀವಕೋಶದೊಳಗಿನ ಕ್ಯಾಲ್ಸಿಯಂ ಏರದಂತೆ ಇಳಿಯದಂತೆ ಅದು ಹಿಡಿದು ಬಿಟ್ಟು ಮಾಡುತ್ತಿರಬೇಕು.

ಹೊತ್ತಿಗೆ ಮುಂಚೆ ಮೊಳೆಯುವುದೇನೆಂದು ಈ ದಂಡೆಯ ರೈತರಿಗೆ ವಿವರಿಸಬೇಕಿಲ್ಲ. ಕಟಾವಿನ ಹೊತ್ತಿಗೆ ಮಳೆ ಹಿಡಿದು ಭತ್ತ ಮಲಗಿದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಆ ಹಸಿರು ಮೂತಿಗಳನ್ನು ಕಂಡವರು ಮಾತಾಡದೆ ಬದುವಿನ ಮೇಲೆ ಕೂರುತ್ತಾರೆ.

ಈ ವರ್ಷ ಭರಣಿ ಮಳೆ ಸಂಜೆ ನಾಲ್ಕಕ್ಕೆ ಬಂದು ಅರ್ಧ ಗಂಟೆಯಲ್ಲಿ ನಿಂತಿತು. ಹೆಂಟೆಗಳಿಂದ ಆವಿ ಏಳುತ್ತಿತ್ತು. ಬಿರುಕಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಹುಳುಗಳು, ಅಕ್ಕಿನುಚ್ಚಿಗಿಂತ ಸಣ್ಣವು, ಹಾಲುಬಿಳುಪು, ಕವಲುಬಾಲವನ್ನು ಹೊಟ್ಟೆಯಡಿ ಮಡಚಿಕೊಂಡಿದ್ದವು. ಜಿಯೋಸ್ಮಿನ್ ವಾಸನೆ ಹಿಡಿದು ಇವು ಬರುತ್ತವೆ, ಬ್ಯಾಕ್ಟೀರಿಯಾವನ್ನು ಮೇಯುತ್ತವೆ, ಬೀಜಕಗಳನ್ನು ಮೈಗೆ ಮೆತ್ತಿಕೊಂಡು ಒಯ್ಯುತ್ತವೆ ಎಂಬುದು 2020ರಲ್ಲಿ ತಿಳಿದ ಸಂಗತಿ. ಅವುಗಳಲ್ಲೊಂದು ಬೂದಿಚುಕ್ಕೆಯ ಮೇಲೆ ಹಾದು ಹೆಂಟೆಯ ಅಂಚಿಗೆ ಬಂತು. ಮೀಸೆಯನ್ನು ಎರಡು ಸಲ ಮಣ್ಣಿಗೆ ತಾಗಿಸಿತು. ಬೆನ್ನಿನ ರೋಮದ ನಡುವೆ ಬೂದಿಯ ಧೂಳಿತ್ತು. ಬಾಲ ಬಡಿದು ಚಿಮ್ಮಿತು. ಎಲ್ಲಿ ಬಿತ್ತೆಂದು ಕತ್ತಲಾಗುವವರೆಗೂ ಹುಡುಕಿದೆ.