ಲೇಡಿ ಮಾರ್ಗರೆಟ್ ಬೋಟ್ ಕ್ಲಬ್

ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜಿನ ದೋಣಿ ಸಂಘವಾಗಿದೆ. 1825ರಲ್ಲಿ ಸ್ಥಾಪನೆಯಾದ ಇದು ಕೇಂಬ್ರಿಡ್ಜಿನ ಅತ್ಯಂತ ಹಳೆಯ ಕಾಲೇಜು ದೋಣಿ ಸಂಘಗಳಲ್ಲಿ ಒಂದು. ಕ್ಯಾಮ್ ನದಿಯಲ್ಲಿ ವರ್ಷಕ್ಕೆ ಎರಡು ಬಾರಿ, ಹಲವು ದಿನಗಳ ಕಾಲ ನಡೆಯುವ 'ಬಂಪ್ಸ್' ಸ್ಪರ್ಧೆಗಳಲ್ಲಿ ಈ ಸಂಘದ ಪುರುಷರ ಮತ್ತು ಮಹಿಳೆಯರ ತಂಡಗಳು ಭಾಗವಹಿಸುತ್ತವೆ. ಸಂಘದ ಬಣ್ಣ ಕಡುಗೆಂಪು. 'ಬ್ಲೇಜರ್' ಎಂಬ ಉಡುಪಿನ ಹೆಸರು ಈ ಸಂಘದ ಸದಸ್ಯರು ತೊಡುತ್ತಿದ್ದ ಕೆಂಪು ಮೇಲಂಗಿಯಿಂದ ಬಂದದ್ದೆಂದು ಸಾಮಾನ್ಯವಾಗಿ ಅಂಗೀಕರಿಸಲಾಗಿದೆ.

ಹೆಸರು

ಇಂಗ್ಲೆಂಡಿನ ದೊರೆ ಏಳನೆಯ ಹೆನ್ರಿಯ ತಾಯಿ ಲೇಡಿ ಮಾರ್ಗರೆಟ್ ಬ್ಯೂಫೋರ್ಟ್ 1509ರಲ್ಲಿ ನಿಧನಳಾದಳು. ಅವಳ ಇಚ್ಛೆಯಂತೆ 1511ರಲ್ಲಿ ಸೇಂಟ್ ಜಾನ್ಸ್ ಕಾಲೇಜು ಸ್ಥಾಪನೆಯಾಯಿತು. ಕಾಲೇಜಿನ ವಿದ್ಯಾರ್ಥಿಗಳು ದೋಣಿ ಸಂಘವನ್ನು ಕಟ್ಟಿದಾಗ ಈ ಸಂಸ್ಥಾಪಕಿಯ ಹೆಸರನ್ನೇ ಅದಕ್ಕೆ ಇಟ್ಟುಕೊಂಡರು. ಕೇಂಬ್ರಿಡ್ಜಿನ ಬಹುತೇಕ ದೋಣಿ ಸಂಘಗಳು ತಮ್ಮ ಕಾಲೇಜಿನ ಹೆಸರಿನಿಂದಲೇ ಗುರುತಾಗುವುದರಿಂದ ಈ ಸಂಘದ ಹೆಸರು ಪ್ರತ್ಯೇಕವಾಗಿ ನಿಲ್ಲುತ್ತದೆ. ವಿದ್ಯಾರ್ಥಿಗಳ ಆಡುಮಾತಿನಲ್ಲಿ ಇದನ್ನು 'ಮ್ಯಾಗಿ' ಎಂದು ಕರೆಯುವುದುಂಟು.

ಆರಂಭದ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿದ್ಯಾರ್ಥಿಗಳಿಗೆ ದೋಣಿ ನಡೆಸುವುದು ವಿಹಾರವಾಗಿತ್ತು. ಕ್ರಮೇಣ ಅದು ಕಾಲೇಜುಗಳ ನಡುವಣ ಪೈಪೋಟಿಯಾಗಿ ಬೆಳೆಯಿತು. ಕೇಂಬ್ರಿಡ್ಜಿನಲ್ಲಿ ವ್ಯವಸ್ಥಿತವಾದ ಬಂಪ್ಸ್ ಸ್ಪರ್ಧೆಗಳು 1827ರಲ್ಲಿ ಆರಂಭವಾದವು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ನಡುವಣ ಪ್ರಸಿದ್ಧ 'ಬೋಟ್ ರೇಸ್' ಪಂದ್ಯದ ಉಗಮದಲ್ಲಿಯೂ ಈ ಸಂಘದ ಪಾತ್ರವಿದೆ. 1829ರ ಮಾರ್ಚ್ ತಿಂಗಳಿನಲ್ಲಿ ಕೇಂಬ್ರಿಡ್ಜಿನ ಪರವಾಗಿ ಆಕ್ಸ್‌ಫರ್ಡಿಗೆ ಪಂಥಾಹ್ವಾನದ ಪತ್ರ ಬರೆದವನು ಸೇಂಟ್ ಜಾನ್ಸ್ ಕಾಲೇಜಿನ ವಿಲಿಯಂ ಸ್ನೋ. ಅದೇ ವರ್ಷದ ಜೂನ್ 10ರಂದು ಥೇಮ್ಸ್ ನದಿಯ ದಡದ ಹೆನ್ಲಿ ಪಟ್ಟಣದಲ್ಲಿ ನಡೆದ ಆ ಮೊದಲ ಪಂದ್ಯದಲ್ಲಿ ಆಕ್ಸ್‌ಫರ್ಡ್ ಗೆದ್ದಿತು. ಕೇಂಬ್ರಿಡ್ಜ್ ದೋಣಿಯಲ್ಲಿದ್ದ ಸೇಂಟ್ ಜಾನ್ಸ್ ವಿದ್ಯಾರ್ಥಿಗಳಲ್ಲಿ ಮುಂದೆ ರೋಮನ್ ಇತಿಹಾಸಕಾರನಾಗಿ ಹೆಸರಾದ ಚಾರ್ಲ್ಸ್ ಮೆರಿವೇಲ್ ಮತ್ತು ನ್ಯೂಜಿಲೆಂಡಿನ ಮೊದಲ ಆಂಗ್ಲಿಕನ್ ಬಿಷಪ್ಪನಾದ ಜಾರ್ಜ್ ಆಗಸ್ಟಸ್ ಸೆಲ್ವಿನ್ ಇದ್ದರು.

ಬಂಪ್ಸ್ ಸ್ಪರ್ಧೆಯ ಸ್ವರೂಪ

ಕ್ಯಾಮ್ ಕಿರಿದಾದ, ಅಂಕುಡೊಂಕಾದ ನದಿ. ಎಂಟು ಹುಟ್ಟುಗಳ ಎರಡು ದೋಣಿಗಳು ಅಕ್ಕಪಕ್ಕದಲ್ಲಿ ಸಾಗಿ ಪಂದ್ಯವಾಡುವಷ್ಟು ಅಗಲ ಅದರ ಬಹುಭಾಗದಲ್ಲಿ ಇಲ್ಲ. ಈ ಕಾರಣದಿಂದ ದೋಣಿಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ನಿಲ್ಲಿಸಿ, ಹಿಂದಿನ ದೋಣಿಯು ಮುಂದಿನದನ್ನು ಬೆನ್ನಟ್ಟಿ ಮುಟ್ಟಬೇಕೆಂಬ ಪದ್ಧತಿ ಬೆಳೆದುಬಂತು. ಹೀಗೆ ಮುಟ್ಟುವುದಕ್ಕೆ 'ಬಂಪ್' ಎಂದು ಹೆಸರು.

ಪ್ರತಿ ದೋಣಿಯಲ್ಲಿ ಹುಟ್ಟು ಹಾಕುವ ಎಂಟು ಮಂದಿಯೂ ಚುಕ್ಕಾಣಿ ಹಿಡಿದು ಆಜ್ಞೆ ನೀಡುವ ಒಬ್ಬ 'ಕಾಕ್ಸ್' ಇರುತ್ತಾರೆ. ಹುಟ್ಟುಗಾರರು ಹಿಂಬದಿಗೆ ಮುಖಮಾಡಿ ಕುಳಿತಿರುವುದರಿಂದ ತಾವು ಬೆನ್ನಟ್ಟುತ್ತಿರುವ ದೋಣಿ ಅವರಿಗೆ ಕಾಣುವುದಿಲ್ಲ. ತಮ್ಮನ್ನು ಬೆನ್ನಟ್ಟುತ್ತಿರುವ ದೋಣಿ ಮಾತ್ರ ಕಾಣುತ್ತದೆ. ದಾರಿಯನ್ನು ನೋಡುವವರು ಕಾಕ್ಸ್ ಒಬ್ಬರೇ.

ಆರಂಭಕ್ಕೆ ಮುನ್ನ ದೋಣಿಗಳು ನದಿಯ ದಡದಲ್ಲಿ ಗೊತ್ತುಪಡಿಸಿದ ಸ್ಥಾನಗಳಲ್ಲಿ ನಿಲ್ಲುತ್ತವೆ. ಎರಡು ದೋಣಿಗಳ ನಡುವಣ ಅಂತರ ಸುಮಾರು ಒಂದೂವರೆ ದೋಣಿಯ ಉದ್ದದಷ್ಟು, ಅಂದರೆ ಸುಮಾರು 90 ಅಡಿ. ದಡಕ್ಕೆ ಕಟ್ಟಿದ ಸರಪಳಿಯ ತುದಿಯನ್ನು ಕಾಕ್ಸ್ ಕೈಯಲ್ಲಿ ಹಿಡಿದಿರುತ್ತಾರೆ. ನಾಲ್ಕು ನಿಮಿಷ ಉಳಿದಿರುವಾಗ ಒಮ್ಮೆ, ಒಂದು ನಿಮಿಷ ಉಳಿದಿರುವಾಗ ಮತ್ತೊಮ್ಮೆ ಫಿರಂಗಿ ಹಾರಿಸಲಾಗುತ್ತದೆ. ಮೂರನೆಯ ಸದ್ದಿಗೆ ಸರಪಳಿಯನ್ನು ಕೈಬಿಡಲಾಗುತ್ತದೆ. ಎಲ್ಲ ದೋಣಿಗಳೂ ಏಕಕಾಲದಲ್ಲಿ ಹೊರಡುತ್ತವೆ.

ಸ್ಪರ್ಧೆಯು ಬೈಟ್ಸ್ ಬೈಟ್ ಲಾಕ್ ಬಳಿಯಿಂದ ಕೇಂಬ್ರಿಡ್ಜ್ ನಗರದ ಕಡೆಗೆ ಸಾಗುತ್ತದೆ. ಫಸ್ಟ್ ಪೋಸ್ಟ್ ಕಾರ್ನರ್, ಗ್ರಾಸಿ ಕಾರ್ನರ್ ಮತ್ತು ಡಿಟನ್ ಕಾರ್ನರ್ ಎಂಬ ತಿರುವುಗಳು ದಾರಿಯಲ್ಲಿ ಬರುತ್ತವೆ. ಡಿಟನ್ ತಿರುವಿನ ನಂತರ ನೇರವಾದ ಲಾಂಗ್ ರೀಚ್, ಅದರ ಆಚೆಗೆ ರೈಲ್ವೆ ಸೇತುವೆ ಸಿಗುತ್ತವೆ. ತಿರುವುಗಳಲ್ಲಿ ಚುಕ್ಕಾಣಿ ತಪ್ಪಿದರೆ ವೇಗದ ತಂಡವೂ ತನಗಿಂತ ನಿಧಾನವಾದ ತಂಡದ ಕೈಗೆ ಸಿಕ್ಕಿಬೀಳಬಹುದು.

ದಡದ ಹಾದಿಯಲ್ಲಿ ತರಬೇತುದಾರರು ಸೈಕಲ್ ಮೇಲೆ ದೋಣಿಯ ಜೊತೆಜೊತೆಗೆ ಸಾಗುತ್ತಾರೆ. ಮುಂದಿನ ದೋಣಿಯ ಅಂತರ ಒಂದು ದೋಣಿಯಷ್ಟಕ್ಕೆ ಇಳಿದಾಗ ಒಂದು, ಅರ್ಧಕ್ಕೆ ಇಳಿದಾಗ ಎರಡು, ಕಾಲು ಭಾಗಕ್ಕೆ ಇಳಿದಾಗ ಮೂರು ಸೀಟಿ ಊದುವುದು ವಾಡಿಕೆ.

ಬಂಪ್ ಮತ್ತು ಸ್ಥಾನಗಳ ಬದಲಾವಣೆ

ಹಿಂದಿನ ದೋಣಿಯು ಮುಂದಿನದನ್ನು ಮುಟ್ಟಿದಾಗ ಅಥವಾ ಅದನ್ನು ದಾಟಿದಾಗ ಬಂಪ್ ಆಯಿತೆಂದು ಪರಿಗಣಿಸಲಾಗುತ್ತದೆ. ಸಿಕ್ಕಿಬಿದ್ದ ದೋಣಿಯ ಕಾಕ್ಸ್ ಕೈಯೆತ್ತಿ ಅದನ್ನು ಒಪ್ಪಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳುವುದು ಅಸಾಧ್ಯವೆಂದು ಕಂಡಾಗ ತಾಗುವ ಮೊದಲೇ ಕೈಯೆತ್ತುವುದೂ ಉಂಟು. ಆ ಬಳಿಕ ಎರಡೂ ದೋಣಿಗಳು ಹಿಂದಿನವರಿಗೆ ದಾರಿ ಬಿಟ್ಟು ದಡಕ್ಕೆ ಸರಿಯಬೇಕು. ಮರುದಿನ ಅವು ಪರಸ್ಪರ ಸ್ಥಾನ ಬದಲಿಸಿಕೊಂಡು ಆರಂಭಿಸುತ್ತವೆ. ಮುಟ್ಟದೆಯೂ ಮುಟ್ಟಿಸಿಕೊಳ್ಳದೆಯೂ ಕೊನೆಯವರೆಗೆ ಸಾಗಿದ ದೋಣಿಯು ತನ್ನ ಸ್ಥಾನವನ್ನು ಉಳಿಸಿಕೊಳ್ಳುತ್ತದೆ. ಇದನ್ನು 'ರೋ ಓವರ್' ಎನ್ನುತ್ತಾರೆ.

ಅ, ಆ, ಇ, ಈ ಎಂಬ ನಾಲ್ಕು ದೋಣಿಗಳು ಇದೇ ಕ್ರಮದಲ್ಲಿ ಹೊರಟಿವೆ ಎಂದಿಟ್ಟುಕೊಳ್ಳೋಣ. 'ಇ'ಯು 'ಆ'ವನ್ನು ಮುಟ್ಟಿದರೆ ಅವೆರಡೂ ದಡಕ್ಕೆ ಸರಿಯುತ್ತವೆ. ಆಗ 'ಈ'ಯ ಮುಂದೆ ಉಳಿಯುವುದು 'ಅ' ಒಂದೇ. 'ಈ'ಯು 'ಅ'ವನ್ನೂ ಹಿಡಿದರೆ ಮರುದಿನದ ಕ್ರಮ ಈ, ಇ, ಆ, ಅ ಎಂದಾಗುತ್ತದೆ. ಒಂದೇ ದಿನದಲ್ಲಿ ಮೂರು ಸ್ಥಾನ ಮೇಲೇರುವ ಇಂತಹ ಅಪರೂಪದ ಸಾಧನೆಗೆ 'ಓವರ್‌ಬಂಪ್' ಎಂದು ಹೆಸರು.

ತಂಡಗಳನ್ನು ವಿಭಾಗಗಳಾಗಿ ವಿಂಗಡಿಸಲಾಗಿದ್ದು, ಒಂದು ವಿಭಾಗದಲ್ಲಿ ಸಾಮಾನ್ಯವಾಗಿ 17 ತಂಡಗಳಿರುತ್ತವೆ. ಕೆಳಗಿನ ವಿಭಾಗ ಮೊದಲು ಸ್ಪರ್ಧಿಸುತ್ತದೆ. ಅದರ ಮೊದಲ ಸ್ಥಾನದಲ್ಲಿ ಉಳಿದ ತಂಡವು ಅದೇ ದಿನ ಮೇಲಿನ ವಿಭಾಗದ ಕೊನೆಯಲ್ಲಿ, 18ನೆಯದಾಗಿ ನಿಂತು ಮತ್ತೊಮ್ಮೆ ಸ್ಪರ್ಧಿಸುತ್ತದೆ. ಎರಡು ವಿಭಾಗಗಳ ನಡುವೆ ಸಿಲುಕಿದ ಈ ತಂಡಕ್ಕೆ 'ಸ್ಯಾಂಡ್‌ವಿಚ್ ಬೋಟ್' ಎನ್ನುತ್ತಾರೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ಏರಲು ಇದೊಂದೇ ದಾರಿ.

ಲೆಂಟ್ ಬಂಪ್ಸ್ ಮತ್ತು ಮೇ ಬಂಪ್ಸ್

1887ರಿಂದ ಕೇಂಬ್ರಿಡ್ಜಿನ ಬಂಪ್ಸ್ ಎರಡು ಪ್ರತ್ಯೇಕ ಸ್ಪರ್ಧೆಗಳಾಗಿ ನಡೆಯುತ್ತಿವೆ. ಚಳಿಗಾಲದ ಕೊನೆಗೆ ಬರುವ ಲೆಂಟ್ ಅವಧಿಯಲ್ಲಿ ಲೆಂಟ್ ಬಂಪ್ಸ್ ಜರಗುತ್ತದೆ. ಮೇ ಬಂಪ್ಸ್ ಎಂಬ ಹೆಸರಿದ್ದರೂ ಎರಡನೆಯದು ನಡೆಯುವುದು ಜೂನ್ ತಿಂಗಳಲ್ಲಿ, ವಾರ್ಷಿಕ ಪರೀಕ್ಷೆಗಳು ಮುಗಿದ ಮೇಲೆ. ಇದು ಬುಧವಾರದಿಂದ ಶನಿವಾರದವರೆಗೆ ನಾಲ್ಕು ದಿನಗಳ ಸ್ಪರ್ಧೆ. ನೂರಕ್ಕೂ ಹೆಚ್ಚು ತಂಡಗಳು ಭಾಗವಹಿಸುತ್ತವೆ. ಕೊನೆಯ ಕೆಲವು ಸ್ಥಾನಗಳಿಗಾಗಿ ಮುಂಚಿತವಾಗಿ ಅರ್ಹತಾ ಪಂದ್ಯವೊಂದು ನಡೆಯುತ್ತದೆ.

ಒಂದು ಸಂಘವು ಹಲವು ದೋಣಿಗಳನ್ನು ಇಳಿಸಬಹುದು. ಲೇಡಿ ಮಾರ್ಗರೆಟ್ ಸಂಘದಲ್ಲಿ ಮೊದಲ, ಎರಡನೆಯ ಮತ್ತು ಕೆಳಗಿನ ತಂಡಗಳು ತಂತಮ್ಮ ವಿಭಾಗಗಳಲ್ಲಿ ಸ್ಪರ್ಧಿಸುತ್ತವೆ. ಅನುಭವಿಗಳ ಮೊದಲ ದೋಣಿಯೂ ಅದೇ ವರ್ಷ ಹುಟ್ಟು ಹಿಡಿಯಲು ಕಲಿತವರ ಕೆಳಗಿನ ದೋಣಿಯೂ ಒಂದೇ ನದಿಯಲ್ಲಿ, ಒಂದೇ ನಿಯಮಕ್ಕೆ ಒಳಪಟ್ಟಿರುತ್ತವೆ. ಕೇಂಬ್ರಿಡ್ಜಿನ ಮೇ ಸ್ಪರ್ಧೆಗೆ ಮಹಿಳೆಯರ ವಿಭಾಗ 1974ರಲ್ಲಿ ಸೇರಿತು. ಮೊದಲು ನಾಲ್ಕು ಹುಟ್ಟುಗಳ ದೋಣಿಗಳಲ್ಲಿ ನಡೆಯುತ್ತಿದ್ದ ಅದು 1990ರಿಂದ ಎಂಟು ಹುಟ್ಟುಗಳ ದೋಣಿಗಳಿಗೆ ಬದಲಾಯಿತು. ಸೇಂಟ್ ಜಾನ್ಸ್ ಕಾಲೇಜು 1980ರ ದಶಕದ ಆರಂಭದಲ್ಲಿ ವಿದ್ಯಾರ್ಥಿನಿಯರಿಗೆ ಪ್ರವೇಶ ನೀಡಿದ ಮೇಲೆ ಲೇಡಿ ಮಾರ್ಗರೆಟ್ ಸಂಘವೂ ಮಹಿಳಾ ತಂಡಗಳನ್ನು ಹೊಂದಿತು.

ಸ್ಥಾನಗಳ ಉತ್ತರಾಧಿಕಾರ

ಬಂಪ್ಸ್ ಸ್ಪರ್ಧೆಯನ್ನು ಇತರ ದೋಣಿ ಪಂದ್ಯಗಳಿಂದ ಬೇರ್ಪಡಿಸುವ ಮುಖ್ಯ ಲಕ್ಷಣವೆಂದರೆ, ಕೊನೆಯ ದಿನದ ಕ್ರಮವೇ ಮುಂದಿನ ವರ್ಷದ ಮೊದಲ ದಿನದ ಕ್ರಮವಾಗುವುದು. ಲೆಂಟ್ ಮತ್ತು ಮೇ ಸ್ಪರ್ಧೆಗಳಿಗೆ ಪ್ರತ್ಯೇಕ ಕ್ರಮಗಳಿವೆ. ಯುದ್ಧದ ಕಾರಣ 1915ರಿಂದ 1918ರವರೆಗೂ, ಕೋವಿಡ್ ಸೋಂಕಿನ ಕಾರಣ 2020ರಲ್ಲಿಯೂ ಮೇ ಬಂಪ್ಸ್ ನಡೆಯಲಿಲ್ಲ. ಇಂತಹ ವಿರಾಮದ ನಂತರ ಹಿಂದಿನ ಸ್ಪರ್ಧೆಯಲ್ಲಿ ನಿಂತ ಜಾಗದಿಂದಲೇ ಕ್ರಮ ಮುಂದುವರಿಯುತ್ತದೆ. ಆದ್ದರಿಂದ ಒಂದು ತಂಡವು ಹೊರಡುವ ಸ್ಥಾನ ಅದರ ಸ್ವಂತ ಗಳಿಕೆಯಲ್ಲ. ಅದು ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಬಿಟ್ಟುಹೋದ ಆಸ್ತಿ ಅಥವಾ ಸಾಲ.

ಇದರ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮೊದಲ ವಿಭಾಗದ 17ನೆಯ ಸ್ಥಾನದಲ್ಲಿರುವ ತಂಡವು ನಾಲ್ಕೂ ದಿನ ತಲಾ ಒಂದು ಬಂಪ್ ಗಳಿಸಿದರೆ 13ನೆಯ ಸ್ಥಾನಕ್ಕೆ ಏರುತ್ತದೆ. ಇದೇ ಯಶಸ್ಸು ಪ್ರತಿವರ್ಷ ಮರುಕಳಿಸಿದರೆ ಎರಡನೆಯ ವರ್ಷ 9, ಮೂರನೆಯ ವರ್ಷ 5, ನಾಲ್ಕನೆಯ ವರ್ಷ 1ನೆಯ ಸ್ಥಾನ ದೊರೆಯುತ್ತದೆ. ಕೇಂಬ್ರಿಡ್ಜಿನ ಸಾಮಾನ್ಯ ಪದವಿ ಶಿಕ್ಷಣದ ಅವಧಿ ಮೂರು ವರ್ಷ. ಹೀಗಾಗಿ ಓವರ್‌ಬಂಪ್ ದೊರೆಯದಿದ್ದರೆ, ಈ ಏರಿಕೆಯನ್ನು ಆರಂಭಿಸಿದ ಪದವಿ ವಿದ್ಯಾರ್ಥಿ ಅದರ ಕೊನೆಯನ್ನು ದೋಣಿಯಲ್ಲಿ ಕುಳಿತು ಕಾಣುವುದು ಕಷ್ಟ. ಒಂದು ವರ್ಷದ ದುರ್ಬಲ ತಂಡ ಕಳೆದುಕೊಂಡ ನಾಲ್ಕು ಸ್ಥಾನಗಳನ್ನು ಮರಳಿ ಪಡೆಯುವ ಹೊಣೆಯೂ ಮುಂದೆ ಬರುವವರ ಪಾಲಿಗೆ ಬೀಳುತ್ತದೆ. ಆ ವರ್ಷದ ಅತ್ಯಂತ ವೇಗದ ತಂಡವು ಪಟ್ಟಿಯಲ್ಲಿ ಕೆಳಗಿದ್ದರೆ ಮೊದಲ ಸ್ಥಾನ ಪಡೆಯದೆಯೇ ಸ್ಪರ್ಧೆ ಮುಗಿಯುತ್ತದೆ.

ಮೊದಲ ಸ್ಥಾನ ಗಳಿಸಿದ ತಂಡಕ್ಕೆ 'ಹೆಡ್ ಆಫ್ ದಿ ರಿವರ್' ಎಂಬ ಗೌರವ ಸಲ್ಲುತ್ತದೆ. ಈ ತಂಡದ ಮುಂದೆ ಬೆನ್ನಟ್ಟಲು ಯಾರೂ ಇಲ್ಲದಿರುವುದರಿಂದ ಅದು ಸ್ಥಾನ ಉಳಿಸಿಕೊಳ್ಳಲು ಪ್ರತಿದಿನವೂ ಪೂರ್ಣ ದೂರ ಸಾಗಬೇಕು. ಈ ಗೌರವವನ್ನು ದೀರ್ಘಕಾಲ ಉಳಿಸಿಕೊಂಡ ಉದಾಹರಣೆಗಳಿವೆ: ಜೀಸಸ್ ಕಾಲೇಜಿನ ಸಂಘವು 1875ರಿಂದ 1885ರವರೆಗೆ ಸತತ ಹನ್ನೊಂದು ವರ್ಷ ಮೊದಲ ಸ್ಥಾನದಲ್ಲಿತ್ತು. ಲೇಡಿ ಮಾರ್ಗರೆಟ್ ಸಂಘದ ಇತಿಹಾಸದಲ್ಲಿ 1950ರ ದಶಕದ ಮೊದಲ ವರ್ಷಗಳು ಅಂತಹ ಉನ್ನತಿಯ ಕಾಲ. ಆಗ ಅದು ಮೇ ಬಂಪ್ಸ್‌ನ ಮೊದಲ ಸ್ಥಾನದಲ್ಲಿದ್ದುದಲ್ಲದೆ, 1951ರಲ್ಲಿ ಹೆನ್ಲಿ ರಾಯಲ್ ರೆಗಟ್ಟಾದ ಗ್ರ್ಯಾಂಡ್ ಚಾಲೆಂಜ್ ಕಪ್ಪನ್ನೂ ಗೆದ್ದಿತು.

ಆಚರಣೆಗಳು

ಬಂಪ್ ಗಳಿಸಿದ ತಂಡದವರು ದಡದ ಮರಗಿಡಗಳಿಂದ ಹಸಿರು ಕೊಂಬೆಗಳನ್ನು ಮುರಿದು ಮುಡಿದುಕೊಂಡು ದೋಣಿಮನೆಗೆ ಹಿಂದಿರುಗುತ್ತಾರೆ. ನಾಲ್ಕೂ ದಿನ ಬಂಪ್ ಗಳಿಸಿದವರು 'ಬ್ಲೇಡ್ಸ್' ಗೆದ್ದರೆಂದು ಹೇಳಲಾಗುತ್ತದೆ. ತಂಡದವರ ಹೆಸರುಗಳನ್ನು ಬರೆಸಿದ ಹುಟ್ಟನ್ನು ಅವರು ಸ್ಮರಣಿಕೆಯಾಗಿ ಇಟ್ಟುಕೊಳ್ಳಬಹುದು. ನಾಲ್ಕೂ ದಿನ ಸಿಕ್ಕಿಬಿದ್ದ ತಂಡಕ್ಕೆ ಹಾಸ್ಯವಾಗಿ 'ಸ್ಪೂನ್ಸ್' ದೊರೆಯಿತು ಎನ್ನುತ್ತಾರೆ. ಮೊದಲ ಸ್ಥಾನ ಗಳಿಸಿದ ಕಾಲೇಜಿನಲ್ಲಿ ಹಳೆಯ ದೋಣಿಯೊಂದನ್ನು ಸುಟ್ಟು ಸಂಭ್ರಮಿಸುವ ರೂಢಿಯೂ ಇದೆ.

ಸುರಕ್ಷತೆ

ದೋಣಿಗೆ ದೋಣಿ ತಾಗಿಸುವುದೇ ಗುರಿಯಾಗಿರುವ ಈ ಸ್ಪರ್ಧೆಯಲ್ಲಿ ಅಪಾಯವೂ ಇದೆ. 1888ರ ಲೆಂಟ್ ಬಂಪ್ಸ್‌ನಲ್ಲಿ ಟ್ರಿನಿಟಿ ಹಾಲ್ ಕಾಲೇಜಿನ ದೋಣಿಯ ಚೂಪಾದ ಮುಂತುದಿ ಬಡಿದು ಕ್ಲೇರ್ ಕಾಲೇಜಿನ ಹುಟ್ಟುಗಾರನೊಬ್ಬ ಮೃತಪಟ್ಟನು. ಈ ದುರಂತದ ನಂತರ ದೋಣಿಯ ಮುಂತುದಿಗೆ ರಬ್ಬರ್ ಚೆಂಡನ್ನು ಅಳವಡಿಸುವುದು ಕಡ್ಡಾಯವಾಯಿತು. ಇಂದು ಜಗತ್ತಿನ ಎಲ್ಲೆಡೆ ಪಂದ್ಯದ ದೋಣಿಗಳಲ್ಲಿ ಇಂತಹ ಚೆಂಡನ್ನು ಕಾಣಬಹುದು.

ಬ್ಲೇಜರ್

ಸಂಘದ ಸದಸ್ಯರು ತೊಡುತ್ತಿದ್ದ ಫ್ಲಾನಲ್ ಬಟ್ಟೆಯ ಮೇಲಂಗಿ ಉರಿಯುವ ಬೆಂಕಿಯಂತೆ ಕೆಂಪಾಗಿತ್ತು. ಇಂಗ್ಲಿಷಿನಲ್ಲಿ ಉರಿಯುವುದಕ್ಕೆ 'ಬ್ಲೇಜ್' ಎಂಬ ಪದವಿರುವುದರಿಂದ ಆ ಅಂಗಿಗೆ 'ಬ್ಲೇಜರ್' ಎಂಬ ಹೆಸರು ಬಂತು. ಬಳಿಕ ಇತರ ಬಣ್ಣದ ಅಂಗಿಗಳಿಗೂ ಅದೇ ಹೆಸರು ಹರಡಿತು. ಇದೇ ಹೆಸರಿನ ಬ್ರಿಟಿಷ್ ನೌಕೆಯೊಂದರ ನಾವಿಕರ ಸಮವಸ್ತ್ರದಿಂದ ಪದ ಹುಟ್ಟಿತೆಂಬ ಕಥೆಯೂ ಪ್ರಚಲಿತವಾಗಿದೆ.

ಪ್ರಮುಖ ಸದಸ್ಯರು

ಸಂಘದ ಹೆಸರಾಂತ ಹುಟ್ಟುಗಾರರಲ್ಲಿ ಜಾನ್ ಗೋಲ್ಡಿ ಒಬ್ಬನು. 1861ರಿಂದ ಸತತ ಒಂಬತ್ತು ವರ್ಷ ಆಕ್ಸ್‌ಫರ್ಡಿಗೆ ಬೋಟ್ ರೇಸ್ ಸೋತಿದ್ದ ಕೇಂಬ್ರಿಡ್ಜ್, 1870ರಲ್ಲಿ ಅವನ ನಾಯಕತ್ವದಲ್ಲಿ ಗೆಲುವಿಗೆ ಮರಳಿತು. ಕೇಂಬ್ರಿಡ್ಜಿನ ಎರಡನೆಯ ತಂಡಕ್ಕೂ ಕ್ಯಾಮ್ ದಡದ ವಿಶ್ವವಿದ್ಯಾಲಯದ ದೋಣಿಮನೆಗೂ 'ಗೋಲ್ಡಿ' ಎಂಬ ಹೆಸರನ್ನಿಡಲಾಗಿದೆ. 'ಎರೆವಾನ್' ಕಾದಂಬರಿಯ ಕರ್ತೃ ಸ್ಯಾಮ್ಯುಯೆಲ್ ಬಟ್ಲರ್ ವಿದ್ಯಾರ್ಥಿಯಾಗಿದ್ದಾಗ ಈ ಸಂಘದ ದೋಣಿಗೆ ಕಾಕ್ಸ್ ಆಗಿದ್ದನು.