ದೂರದ ಕೆಲಸಕ್ಕೆ ಸೈಕಲ್ಲು ಕೊಳ್ಳುವವರಿಗೆ

ಬೇಗೂರಿನಲ್ಲಿ ಮನೆ, ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಕೆಲಸ. ನಡುವಿನ ದೂರ ಸುಮಾರು 10 ಕಿಲೋಮೀಟರು, ಹೋಗಿಬರುವುದಕ್ಕೆ 20. ಸಂಬಳ ಹೊಸದು, ಸಾಲ ಬೇಡವೆಂಬ ವಿವೇಕವಿದೆ, ಕಾಲಿನಲ್ಲಿ ಬಲವೂ ಇದೆ. ಇಂಥ ಮನೆಯಲ್ಲಿ ಹುಡುಗನಿಗೊಂದು ಸೈಕಲ್ಲು ಕೊಡಿಸೋಣವೆಂಬ ಮಾತು ಬಂದರೆ ಅದು ಒಳ್ಳೆಯ ಮಾತೇ. ಆದರೆ ಆತುರದಲ್ಲಿ ಕೊಂಡ ಸೈಕಲ್ಲು ಎರಡು ತಿಂಗಳಿಗೆ ಮಹಡಿಯ ಮೆಟ್ಟಿಲ ಕೆಳಗೆ ಸೇರಿ, ಗಾಳಿ ಇಳಿದು, ಧೂಳು ಹಿಡಿದು ನಿಂತಿರುವುದನ್ನು ನೀವು ಎಷ್ಟೋ ಮನೆಗಳಲ್ಲಿ ಕಂಡಿರಬೇಕು. ಅದರೊಡನೆ ಸಾವಿರಾರು ರೂಪಾಯಿಯೂ ಅಲ್ಲೇ ನಿಂತಿರುತ್ತದೆ. ‘ಸೈಕಲ್ಲಿನಲ್ಲಿ ಆಗುವುದಿಲ್ಲಮ್ಮ’ ಎಂದು ಹುಡುಗ ಕೈಚೆಲ್ಲುತ್ತಾನೆ. ಬೇಡವೆಂದಿದ್ದ ಸ್ಕೂಟರಿನ ಸಾಲ ಮನೆಯೊಳಕ್ಕೆ ಬರುತ್ತದೆ. ಬಹಳ ಸಲ ಹುಡುಗನ ಕೈಲಾಗದೆ ಹೋದದ್ದಕ್ಕೆ ಕಾರಣ ಆ ಸೈಕಲ್ಲೇ. ದೂರದ ದಾರಿಗೆ ತಕ್ಕ ಸೈಕಲ್ಲನ್ನು ಮಿತವಾದ ಹಣದಲ್ಲಿ ಆರಿಸುವುದು ಹೇಗೆಂದು ತಿಳಿಸುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಹಣದ ಮಾತು. 2025ರ ಜನವರಿಯಲ್ಲಿ ದರ ಏರಿಸಿದಾಗ ನಗರ ಸಾರಿಗೆಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,200 ರೂಪಾಯಿ ಆಯಿತು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಅನುಕೂಲ ದೊರೆತದ್ದರಿಂದ ಅವರ ಲೆಕ್ಕ ಬೇರೆ. ಗಂಡುಮಕ್ಕಳಿಗೆ ಈ ಪಾಸಿನ ಲೆಕ್ಕವೇ ಲೆಕ್ಕ. ಎಂಟು ತಿಂಗಳ ಪಾಸಿನ ಹಣ 9,600 ರೂಪಾಯಿ. ಅಷ್ಟರೊಳಗೆ ದೃಢವಾದ ಸೈಕಲ್ಲು, ದೀಪ, ಬೀಗ, ಪಂಪು ಎಲ್ಲವನ್ನೂ ಒದಗಿಸಿಕೊಳ್ಳಲು ಸಾಧ್ಯ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಸರಕು ಸೇವಾ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿಯಿತೆಂಬುದನ್ನೂ ಚೌಕಾಸಿ ಮಾಡುವಾಗ ನೆನಪಿನಲ್ಲಿಡಿ.

ಈ ಗಾಡಿಯನ್ನು ದ್ವಿಚಕ್ರಿಯೆಂದು ಕರೆಯಬೇಕೆಂದು ನಮ್ಮ ಪಂಡಿತ ವರ್ಗದವರಲ್ಲಿ ಕೆಲವರಿಗೆ ಆಸೆಯಿತ್ತು. ಜನರು ಸೈಕಲ್ಲೆಂದರು, ಸೈಕಲ್ಲೇ ಉಳಿಯಿತು. ನಾನೂ ಹಾಗೆಯೇ ಕರೆಯುತ್ತೇನೆ.

ಸೈಕಲ್ಲನ್ನು ನೋಡುವುದಕ್ಕೆ ಮುನ್ನ ದಾರಿಯನ್ನು ನೋಡತಕ್ಕದ್ದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಕ್ರಿ.ಶ. 900ರ ಸುಮಾರಿನ ಒಂದು ವೀರಗಲ್ಲು ಇದೆ. ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪ ಅದರಲ್ಲಿ ಬರುವುದರಿಂದ ನಮ್ಮ ನಗರದ ಹೆಸರಿನ ಹಳೆಯ ದಾಖಲೆಯೆಂದು ಅದು ಪ್ರಸಿದ್ಧವಾಗಿದೆ. ಅಷ್ಟು ಹಳೆಯ ಊರು ಸುಮ್ಮನೆ ಅಲ್ಲಿ ನೆಲೆಗೊಂಡಿಲ್ಲ. ನೀರು ಹರಿದು ಬರುವ ತಗ್ಗು, ತಗ್ಗಿಗೆ ಅಡ್ಡಲಾಗಿ ಏರಿ, ಏರಿಯ ಹಿಂದೆ ಕೆರೆ, ಪಕ್ಕದ ದಿಣ್ಣೆಯ ಮೇಲೆ ಊರು. ಬೇಗೂರು, ಹುಳಿಮಾವು, ಅರಕೆರೆ ಎಲ್ಲ ಕಡೆಯೂ ಕಟ್ಟಡಗಳ ಅಡಿಯಲ್ಲಿ ಇರುವುದು ಇದೇ ನೆಲ. ಆದಕಾರಣ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ರಸ್ತೆ ತಗ್ಗಿಗೆ ಇಳಿದು ಮತ್ತೆ ದಿಣ್ಣೆಗೆ ಏರುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ತಿಳಿಯದ ಈ ಏರಿಳಿತ ತುಳಿಯುವವನ ತೊಡೆಗೆ ತಿಳಿಯುತ್ತದೆ. ಇದಕ್ಕೆ ಹಳ್ಳ ಬಿದ್ದ ಡಾಂಬರು, ಅಗೆದು ಮುಚ್ಚಿದ ಅಂಚುಗಳು, ಸೆಪ್ಟೆಂಬರ್ ಅಕ್ಟೋಬರಿನ ಸಂಜೆಯ ಮಳೆ ಇವನ್ನು ಸೇರಿಸಿಕೊಳ್ಳಿ. ಅದು ನಿಮ್ಮ ದಾರಿ. ಅದಕ್ಕೆ ತಕ್ಕಂತೆ ಸೈಕಲ್ಲು.

ಈಗ ಅಂಗಡಿಗೆ ಹೋಗೋಣ. ಎಂಟು ಹತ್ತು ಸಾವಿರ ರೂಪಾಯಿಯ ಮಾತೆತ್ತಿದೊಡನೆ ಅಂಗಡಿಯವರು ಮುಂದೆ ತಂದು ನಿಲ್ಲಿಸುವುದು ದಪ್ಪ ಟೈರಿನ, ಮುಂದೊಂದು ಹಿಂದೊಂದು ಸ್ಪ್ರಿಂಗಿನ, ಡಿಸ್ಕ್ ಬ್ರೇಕಿನ ಗಾಡಿಯನ್ನು. ‘ಇಪ್ಪತ್ತೊಂದು ಗೇರು ಸಾರ್’ ಎಂಬ ಮಾತು ಬೇರೆ. ಹುಡುಗನ ಕಣ್ಣು ಅಲ್ಲಿಯೇ ನಾಟುತ್ತದೆ. ದುಬಾರಿಯ ಸೈಕಲ್ಲಿನಲ್ಲಿ ಈ ಭಾಗಗಳೆಲ್ಲ ಒಳ್ಳೆಯವೇ ಇರಬಹುದು. ಕಡಿಮೆ ಬೆಲೆಯಲ್ಲಿ ಇಷ್ಟನ್ನೆಲ್ಲ ತುಂಬಬೇಕಾದರೆ ಪ್ರತಿಯೊಂದೂ ಅಗ್ಗದ್ದೇ ಆಗಿರಬೇಕಲ್ಲವೆ? ಅಗ್ಗದ ಸ್ಪ್ರಿಂಗು ತುಳಿದ ಬಲದಲ್ಲಿ ಒಂದು ಪಾಲನ್ನು ತಾನು ನುಂಗಿ ಮೇಲೆ ಕೆಳಗೆ ಕುಣಿಯುತ್ತದೆ. ಕೆಲವು ತಿಂಗಳಿಗೆ ಅದರ ಕೀಲು ಸಡಿಲವಾಗುತ್ತದೆ. ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು, ಗಟ್ಟಿ ಫ್ರೇಮು ಇರುವುದನ್ನು ಕೇಳಿ. ಹಳ್ಳದ ಪೆಟ್ಟನ್ನು ತಡೆಯಲು ತಕ್ಕಷ್ಟು ಅಗಲದ ಟೈರೇ ಸಾಕು.

ಟೈರಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕೊಳ್ಳುವವರು ಇದನ್ನೇ ಕಡೆಗಣಿಸುತ್ತಾರೆ. ಎಲ್ಲರೂ ವಿಚಾರಿಸುವುದು ಸೈಕಲ್ಲಿನ ತೂಕವನ್ನು. ಒಂದು ಸೈಕಲ್ಲು ಇನ್ನೊಂದಕ್ಕಿಂತ 6 ಕಿಲೋ ಹೆಚ್ಚು ಭಾರವೆಂದು ಇಟ್ಟುಕೊಳ್ಳಿ. ದಾರಿಯಲ್ಲಿ ಒಟ್ಟು 50 ಮೀಟರು ಏರಿದೆಯೆಂದೂ ಇಟ್ಟುಕೊಳ್ಳಿ. ಆ ಹೆಚ್ಚಿನ 6 ಕಿಲೋವನ್ನು ಮೇಲೆತ್ತಲು ತಗಲುವ ಶ್ರಮ, 15 ಲೀಟರಿನ ಒಂದು ಕೊಡ ನೀರನ್ನು ಆರು ಸಲ ಮಹಡಿಗೆ ಎತ್ತಿದಷ್ಟು. ಇನ್ನು ಟೈರಿನ ಲೆಕ್ಕ: ಸವಾರನೂ ಸೈಕಲ್ಲೂ ಸೇರಿ 85 ಕಿಲೋ ಆದರೆ, ಗಾಳಿ ತುಂಬಿದ ನುಣುಪು ಟೈರಿನ ಮೇಲೆ 10 ಕಿಲೋಮೀಟರು ಉರುಳುವುದಕ್ಕೂ ಗಾಳಿ ಇಳಿದ ಮುಳ್ಳುಮುಳ್ಳು ಟೈರಿನ ಮೇಲೆ ಉರುಳುವುದಕ್ಕೂ ಇರುವ ವ್ಯತ್ಯಾಸ, ಸ್ಥೂಲವಾಗಿ ಹೇಳುವುದಾದರೆ, ಅದೇ ಕೊಡವನ್ನು ನೂರು ಸಲ ಮಹಡಿಗೆ ಎತ್ತಿದಷ್ಟಾಗುತ್ತದೆ! ಮೆತ್ತಗಿನ ಟೈರು ಉರುಳುವಾಗ ಹೆಜ್ಜೆ ಹೆಜ್ಜೆಗೂ ಚಪ್ಪಟೆಯಾಗಿ ಮತ್ತೆ ಏಳುತ್ತದೆ. ಹಾಗೆ ಮಡಚಿ ಬಿಡಿಸುವ ರಬ್ಬರಿನಲ್ಲಿ ನಮ್ಮ ಶಕ್ತಿ ಬಿಸಿಯಾಗಿ ಹೋಗುತ್ತದೆ. ತೂಕ ಕಡಿಮೆ ಮಾಡಲು ಐದು ಸಾವಿರ ಹೆಚ್ಚು ಕೊಡುವುದಕ್ಕಿಂತ ಮೊದಲು ಕೆಲವು ನೂರು ರೂಪಾಯಿಯ ಪಂಪು ಕೊಳ್ಳಿ. ಎಷ್ಟು ಗಾಳಿ ಹಿಡಿಯಬೇಕೆಂಬುದು ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ನೋಡಬೇಕು. ಮುಳ್ಳಿಲ್ಲದ, ಒಂದೂವರೆ ಇಂಚಿನ ಆಸುಪಾಸು ಅಗಲದ ಟೈರು ನಮ್ಮ ರಸ್ತೆಗೆ ಹಿತ. ಮೂರು ನಾಲ್ಕು ಮಹಡಿ ಹೊತ್ತು ಏರಿಸಬೇಕಾದ ಮನೆಯವರಿಗೆ ಮಾತ್ರ ತೂಕದ ಪ್ರಶ್ನೆ ನಿಜವಾದ ಪ್ರಶ್ನೆ.

ಅಳತೆಯ ಮಾತಿನಲ್ಲಿ ಒಂದು ಗೊಂದಲವುಂಟು. ‘ಇಪ್ಪತ್ತಾರು ಇಂಚಿನ ಸೈಕಲ್ಲು’ ಎಂದರೆ ಅದು ಚಕ್ರದ ಅಳತೆ. ಸವಾರನ ಮೈಗೆ ಹೊಂದಬೇಕಾದದ್ದು ಫ್ರೇಮಿನ ಅಳತೆ. ಒಂದೇ ಅಳತೆಯ ಚಕ್ರಕ್ಕೆ ದೊಡ್ಡ ಫ್ರೇಮೂ ಇರಬಹುದು, ಚಿಕ್ಕದೂ ಇರಬಹುದು. ನಡುವಿನ ಅಡ್ಡಪಟ್ಟಿಯ ಎರಡು ಕಡೆ ಕಾಲಿಟ್ಟು ನಿಂತಾಗ ಎರಡು ಮೂರು ಬೆರಳಿನಷ್ಟಾದರೂ ಎಡೆ ಇರಬೇಕು. ಅನಂತರ ಸೀಟಿನ ಮೇಲೆ ಕುಳಿತು, ಪೆಡಲು ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟು ನೋಡಿ, ಕಾಲು ನೆಟ್ಟಗಾಗಬೇಕು. ತುಳಿಯುವುದು ಮುಂಗಾಲಿನಿಂದಾದ್ದರಿಂದ ಆಗ ಮಂಡಿ ತಾನಾಗಿಯೇ ಸ್ವಲ್ಪ ಬಾಗುತ್ತದೆ. ನಮ್ಮ ಸರ್ಕಾರ 2006–07ರಲ್ಲಿ ಆರಂಭಿಸಿ ಹಲವು ವರ್ಷ ನಡೆಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ದೊರೆಯುತ್ತಿತ್ತು. ಆ ಮಕ್ಕಳು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಗೇಣುದ್ದ ಬೆಳೆದಿರುತ್ತಿದ್ದರು, ಸೀಟು ಮಾತ್ರ ಮೊದಲ ದಿನ ಇದ್ದಲ್ಲಿಯೇ. ಮಂಡಿ ಎದೆಗೆ ತಗಲುವಂತೆ ತುಳಿದು ಬಂದು, ಕಾಲು ನೋವೆಂದು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಒಂದು ಸ್ಪ್ಯಾನರಿನ ಎರಡು ತಿರುವಿನ ಕೆಲಸ ಅದು. ಅಂಗಡಿಯಲ್ಲೇ ಸೀಟನ್ನು ಏರಿಸಿಕೊಂಡು ಬನ್ನಿ.

ಗೇರಿನ ವಿಷಯಕ್ಕೆ ಬಂದರೆ, ಇಪ್ಪತ್ತೊಂದರ ಅಗತ್ಯ ಬೇಗೂರಿನಿಂದ ಜಯನಗರದವರೆಗೆ ಯಾರಿಗೂ ಇಲ್ಲ. ಹಿಂದೆ ಆರೋ ಏಳೋ ಇದ್ದರೆ ಧಾರಾಳವಾಯಿತು. ಒಂದೂ ಇಲ್ಲದ ಸೈಕಲ್ಲೂ ಆಗುತ್ತದೆ, ಒಂದು ತಿದ್ದುಪಡಿಯೊಡನೆ. ನಮ್ಮ ಸಾಮಾನ್ಯ ಸೈಕಲ್ಲಿನ ಮುಂದಿನ ಚಕ್ರಪಲ್ಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವುದು ವಾಡಿಕೆ. 28 ಇಂಚಿನ ಚಕ್ರಕ್ಕೆ ಇದರಿಂದ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಸಾಗುತ್ತದೆ. ಸಮನೆಲದಲ್ಲಿ ಇದು ಸರಿ, ಏರಿನಲ್ಲಿ ಭಾರ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಾಯಿಸಿದರೆ ಒಂದು ಸುತ್ತಿಗೆ ನಾಲ್ಕೂವರೆ ಮೀಟರಾಗಿ ಏರು ಹಗುರವಾಗುತ್ತದೆ. ಇಳಿಜಾರಿನಲ್ಲಿ ಸ್ವಲ್ಪ ವೇಗ ಕಡಿಮೆಯಾದೀತು, ಪಟ್ಟಣದ ಸಂದಣಿಯಲ್ಲಿ ಅದು ನಷ್ಟವಲ್ಲ. ಚೈನಿಗೆ ಒಂದು ಕೊಂಡಿ ಸೇರಿಸಬೇಕಾದೀತು. ಕೆಲವು ನೂರು ರೂಪಾಯಿಯ, ಅರ್ಧ ಗಂಟೆಯ ಕೆಲಸ. ಬೀದಿಯ ಯಾವ ರಿಪೇರಿಯವರೂ ಮಾಡಿಕೊಡುತ್ತಾರೆ, ಕೇಳಬೇಕು ಅಷ್ಟೆ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡ. ಹಳೆಯ ಕಾಲದ ಸೈಕಲ್ಲಿನ ಸರಳು ಬ್ರೇಕು ಒಣ ಹವೆಯಲ್ಲಿ ಒಪ್ಪುತ್ತದೆ. ಮಳೆಯಲ್ಲಿ ಹೊಳಪು ಲೇಪದ ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರಿ, ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ರಿಮ್ಮು ನೆನೆದರೂ ಹಿಡಿತ ಕೊಡುತ್ತದೆ. ಅಲ್ಯೂಮಿನಿಯಂ ರಿಮ್ಮು, ಅದನ್ನು ಎರಡು ಪಕ್ಕದಿಂದ ಹಿಡಿಯುವ ಉದ್ದ ತೋಳಿನ ವಿ ಬ್ರೇಕು: ಈ ಜೋಡಿ ಅಗ್ಗದ ಡಿಸ್ಕಿಗಿಂತ ನೆಚ್ಚಿಕೆಯದು, ರಿಪೇರಿಯೂ ಸುಲಭ. ರಬ್ಬರು ಸವೆದರೆ ಬದಲಾಯಿಸಲು ಮನೆಯವರೇ ಕಲಿಯಬಹುದು.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ನನ್ನ ಅಭಿಪ್ರಾಯ ಹೀಗಿದೆ. ಹನ್ನೆರಡು ಸಾವಿರದ ಮೇಲೆ ಕೊಡಬಲ್ಲವರು ಹೈಬ್ರಿಡ್ ಎಂಬ ಜಾತಿಯನ್ನು ನೋಡಲಿ, ಅದರಲ್ಲಿಯೂ ಸ್ಪ್ರಿಂಗಿಲ್ಲದ್ದನ್ನೇ. ಎಂಟು ಸಾವಿರದೊಳಗಿನವರು ಗೇರಿಲ್ಲದ, ಗಟ್ಟಿ ಫೋರ್ಕಿನ ಸರಳ ಸೈಕಲ್ಲನ್ನು ಕೊಂಡು, ಮೇಲೆ ಹೇಳಿದಂತೆ ಫ್ರೀವೀಲು ಬದಲಾಯಿಸಿ, ಉಳಿದ ಹಣವನ್ನು ದೀಪಕ್ಕೂ ಟೈರಿಗೂ ಹಾಕಲಿ. ಇನ್ನೂ ಕಡಿಮೆ ಹಣವೆಂದರೆ ಹಳೆಯ ಸೈಕಲ್ಲು. 1951ರಲ್ಲಿ ಆರಂಭವಾದ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸವನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. ಆದರೂ ಹಳೆಯ ಅಟ್ಲಾಸನ್ನು ಕೊಳ್ಳಲು ಹೆದರಬೇಕಾದದ್ದಿಲ್ಲ. ದೊಡ್ಡ ಚಕ್ರದ ನಮ್ಮ ಹಳೆಯ ಮಾದರಿಯಲ್ಲಿ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಎಲ್ಲದರ ಅಳತೆಗಳೂ ಬಹುಮಟ್ಟಿಗೆ ಒಂದೇ ಆದ್ದರಿಂದ ಒಂದರ ಕಡ್ಡಿ, ಚೈನು, ಟೈರು ಇನ್ನೊಂದಕ್ಕೆ ಆಗುತ್ತವೆ. ಹಳೆಯದನ್ನು ಕೊಳ್ಳುವಾಗ ಹಿಂದೆ ನಿಂತು ಎರಡು ಚಕ್ರವೂ ಒಂದೇ ಗೆರೆಯಲ್ಲಿವೆಯೇ ನೋಡಿ. ಹ್ಯಾಂಡಲಿನ ಕೆಳಗೆ ಕೊಳವೆಗಳು ಕೂಡುವಲ್ಲಿ ಬಣ್ಣ ಬಿರಿದಿದ್ದರೆ ಆ ಗಾಡಿ ಬೇಡ. ಪೆಡಲಿನ ಅಚ್ಚಿನ ಗೂಡಿನ ಅಡಿಯಲ್ಲಿ ಕೊರೆದ ಅಂಕಿಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಕಳವಾದರೆ ದೂರು ಕೊಡಲು ಅದೇ ಆಧಾರ. ಕಳವಿನ ಮಾಲನ್ನು ಕೊಂಡಿಲ್ಲವೆನ್ನುವುದಕ್ಕೂ ಆ ರಸೀದಿಯೇ ಆಧಾರ.

ಮಡ್‌ಗಾರ್ಡಿಲ್ಲದ ಸೈಕಲ್ಲು ಈಗಿನ ಷೋಕಿ. ಮಳೆಯ ಮರುದಿನ ಅದರಲ್ಲಿ ಕೆಲಸಕ್ಕೆ ಹೋದವನ ಬೆನ್ನ ಮೇಲೆ ಕೆಸರಿನ ಗೆರೆ ಎಳೆದಿರುತ್ತದೆ. ಎರಡನ್ನೂ ಹಾಕಿಸಿ, ಹಿಂದೆ ಕ್ಯಾರಿಯರನ್ನೂ ಹಾಕಿಸಿ. ಊಟದ ಡಬ್ಬಿಯ ಚೀಲ ಬೆನ್ನ ಮೇಲಿದ್ದರೆ ಅಂಗಿ ಬೆವರಿನಲ್ಲಿ ತೊಯ್ಯುತ್ತದೆ.

ದೀಪದ ವಿಷಯದಲ್ಲಿ ಮನೆಯ ಹಿರಿಯರು ಪಟ್ಟು ಹಿಡಿಯಬೇಕು. ಸಂಜೆ ಏಳು ಎಂಟರ ಹೊತ್ತಿಗೆ ಬೊಮ್ಮನಹಳ್ಳಿಯಿಂದ ಒಳಕ್ಕೆ ತಿರುಗುವಾಗ ಲಾರಿಯವನ ಕಣ್ಣಿಗೆ ಬೀಳದ ಸವಾರನಿಗೆ ಎಷ್ಟು ಒಳ್ಳೆಯ ಸೈಕಲ್ಲಿದ್ದರೂ ಪ್ರಯೋಜನವಿಲ್ಲ. ಹಿಂದಿನ ಕೆಂಪು ದೀಪ ಮುಂದಿನ ಬಿಳಿ ದೀಪಕ್ಕಿಂತ ಮುಖ್ಯ. ಮೊಬೈಲಿನ ತಂತಿಯಿಂದಲೇ ಚಾರ್ಜಾಗುವ ಜೋಡಿ ದೀಪಗಳು ಈಗ ಕೆಲವೇ ನೂರಕ್ಕೆ ಬರುತ್ತವೆ. ತಲೆಗೆ ಹೆಲ್ಮೆಟ್ಟು ಬೇಕೇ ಎಂದು ಚರ್ಚೆ ಮಾಡುವವರೊಡನೆ ನಾನು ಚರ್ಚೆಗಿಳಿಯುವುದಿಲ್ಲ, ಬೇಕು.

ದಾರಿಯನ್ನೂ ಆರಿಸಿಕೊಳ್ಳಬೇಕು. ಬಸ್ಸು ಹೋಗುವ ಹೊಸೂರು ರಸ್ತೆ, ಸಿಲ್ಕ್ ಬೋರ್ಡಿನ ದಾರಿಯನ್ನೇ ಸೈಕಲ್ಲಿನವನು ಹಿಡಿಯಬೇಕೆಂಬ ನಿಯಮವೇನೂ ಇಲ್ಲ. ದೇವರಚಿಕ್ಕನಹಳ್ಳಿಯ ಕಡೆಯಿಂದ ಬನ್ನೇರುಘಟ್ಟ ರಸ್ತೆಗೆ ಸೇರಿ, ಅಲ್ಲಿಂದ ಬಡಾವಣೆಗಳ ಒಳರಸ್ತೆಗಳಲ್ಲಿ ಜಯನಗರ ತಲುಪಬಹುದು. ಮೇಲುಸೇತುವೆಗಳಿಂದ ದೂರವಿರುವುದು ಕ್ಷೇಮ.

ಹೊಸ ಸೈಕಲ್ಲಿನ ಕಡ್ಡಿಗಳೂ ಬ್ರೇಕಿನ ತಂತಿಗಳೂ ಮೊದಲ ತಿಂಗಳಲ್ಲಿ ಸಡಿಲಗೊಳ್ಳುತ್ತವೆ. ತಿಂಗಳಾದ ಮೇಲೆ ಒಮ್ಮೆ ಬಿಗಿ ಮಾಡಿಸಿ, ಚಕ್ರದ ಬೆಂಡು ತೆಗೆಸಿ. ಚೈನಿಗೆ ಹದಿನೈದು ದಿನಕ್ಕೊಮ್ಮೆ ಎಣ್ಣೆ, ಮಳೆಯಲ್ಲಿ ನೆನೆದರೆ ಆ ರಾತ್ರಿಯೇ ಒರೆಸಿ ಎಣ್ಣೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಓವರಾಯಿಲಿಂಗ್ ಮಾಡಿಸಿದರೆ ಸಾಕು.

ಕೆಲಸಕ್ಕೆ ಮೊದಲ ದಿನ ಹೋಗುವ ಮುನ್ನ, ಹಿಂದಿನ ಭಾನುವಾರ ಬೆಳಗ್ಗೆ ಪೂರ್ತಿ ದಾರಿಯನ್ನು ಒಮ್ಮೆ ಹೋಗಿಬರುವುದು ಒಳ್ಳೆಯದು. ಆತುರವಿಲ್ಲದೆ ತುಳಿದರೆ 10 ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದೀತು. ಪಂಕ್ಚರ್ ಅಂಗಡಿಗಳು ಎಲ್ಲೆಲ್ಲಿವೆಯೆಂದು ನೋಡಿಕೊಂಡು ಬನ್ನಿ. ಭಾನುವಾರ ಸಿಗ್ನಲುಗಳಲ್ಲಿ ನಿಲ್ಲುವ ಹೊತ್ತು ಕಡಿಮೆ. ಸೋಮವಾರ ಅದಕ್ಕೆ ಕಾಲು ಗಂಟೆ ಸೇರಿಸಿಕೊಂಡು ಮನೆ ಬಿಡಬೇಕು.