ಹೆಸರಷ್ಟೇ ಉಳಿದ ಕೆರೆಗಳು

ದಸರೆಗೆಂದು ಮೈಸೂರಿಗೆ ಬಂದವರು ವಸ್ತುಪ್ರದರ್ಶನವನ್ನು ನೋಡದೆ ಹಿಂದಿರುಗುವುದು ಅಪರೂಪ. ಆ ಪ್ರದರ್ಶನ ನಡೆಯುವ ಬಯಲಿಗೆ ದೊಡ್ಡಕೆರೆ ಮೈದಾನವೆಂದು ಹೆಸರು. ಕೆರೆ ಎಲ್ಲಿ ಎಂದು ಕೇಳಿದರೆ ತೋರಿಸಬಲ್ಲವರಿಲ್ಲ. ಸುಬ್ಬರಾಯನಕೆರೆ, ಜೀವರಾಯನಕಟ್ಟೆಗಳ ಕಥೆಯೂ ಇದೇ. ನೀರು ಹೋಯಿತು, ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿಯಿತು.

ಹೋದವುಗಳ ಮಾತು ಹಾಗಿರಲಿ. ಉಳಿದವುಗಳಾದರೂ ನಮ್ಮ ಮಕ್ಕಳ ಕಾಲಕ್ಕೆ ಕೆರೆಗಳಾಗಿಯೇ ಇರುವುವೆ?

ಕಟ್ಟಿದವರ ದೂರದೃಷ್ಟಿ

ಮೈಸೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಮಳೆಯ ನೀರನ್ನು ತಡೆದು ನಿಲ್ಲಿಸಿದ ಹಿರಿಯರ ಕೊಡುಗೆಗಳು ಅವು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಲಿಂಗಾಂಬುಧಿ ಕೆರೆಯನ್ನು ಕಟ್ಟಿಸಿದರು. ಕುಕ್ಕರಹಳ್ಳಿ ಕೆರೆ 1864ರಲ್ಲಿ ಅವರ ಕಾಲದಲ್ಲಿಯೇ ಸಿದ್ಧವಾಯಿತು. 1960ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ಅದರ ಮಗ್ಗುಲಲ್ಲಿಯೇ ಮಾನಸಗಂಗೋತ್ರಿ ತಲೆಯೆತ್ತಿತು. ಚಾಮುಂಡಿಬೆಟ್ಟದ ತಪ್ಪಲಿನ ಕಾರಂಜಿಕೆರೆ ಕೊಳಚೆಯಿಂದ ಕೆಟ್ಟು, ಈ ಶತಮಾನದ ಆರಂಭದಲ್ಲಿ ಮೃಗಾಲಯ ಪ್ರಾಧಿಕಾರದ ಆರೈಕೆಯಲ್ಲಿ ಚೇತರಿಸಿಕೊಂಡಿತು. ಕೆಟ್ಟ ಕೆರೆಯನ್ನು ಮತ್ತೆ ಬದುಕಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೆರೆಯೆಂದರೆ ನೀರಿನ ತೊಟ್ಟಿಯಲ್ಲ

ನಮ್ಮಲ್ಲಿ ಅನೇಕರು ಕೆರೆಯೆಂದರೆ ನಡುವಣ ನೀರು, ಸುತ್ತಣ ನಡೆದಾರಿ ಎಂದಷ್ಟೇ ತಿಳಿದಿದ್ದಾರೆ. ಆದರೆ ಕೆರೆಯ ಜೀವವಿರುವುದು ಹೆಚ್ಚಾಗಿ ಅದರ ಅಂಚಿನಲ್ಲಿ. ಜೊಂಡು ಬೆಳೆದ, ಮೊಣಕಾಲುದ್ದದ ಕೆಸರು ನೀರಿನಲ್ಲಿ. ಇದೇ ಜೌಗುನೆಲ. ಹರಿದು ಬಂದ ನೀರು ಇಲ್ಲಿ ನಿಧಾನಿಸುತ್ತದೆ, ಮಣ್ಣು ತಳಕ್ಕಿಳಿಯುತ್ತದೆ, ಗಿಡಗಳ ಬೇರುಗಳು ಗೊಬ್ಬರದ ಅಂಶವನ್ನು ಹೀರಿಕೊಳ್ಳುತ್ತವೆ. ಮೀನು ಮರಿಮಾಡುವುದೂ ನೀರುಕೋಳಿ ಗೂಡು ಕಟ್ಟುವುದೂ ಇಲ್ಲಿಯೇ. ಈ ಅಂಚನ್ನು ಅಂದಕ್ಕೆಂದು ಕಲ್ಲು ಕಟ್ಟಿ ನೆಟ್ಟಗೆ ಮಾಡಿದರೆ ಕೆರೆ ತೊಟ್ಟಿಯಾಗುತ್ತದೆ.

ಮಳೆನೀರಿನ ಚರಂಡಿಗೆ ಮನೆಗಳ ಕೊಳಚೆ ಸೇರಿದರಂತೂ ಕೇಡು ಇಮ್ಮಡಿ. ಕೊಳಚೆಯ ಸಾರವನ್ನುಂಡು ಪಾಚಿ, ಕಳೆಗಿಡಗಳು ಕೊಬ್ಬುತ್ತವೆ. ಅವು ಕೊಳೆಯುವಾಗ ನೀರಿನೊಳಗಣ ಪ್ರಾಣವಾಯು ಮುಗಿದುಹೋಗುತ್ತದೆ. ಬೆಳಗಾಗುವುದರೊಳಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಇತ್ತ ನೀರು ತರುವ ಕಾಲುವೆಗಳ ಮೇಲೆ ಬಡಾವಣೆಗಳೆದ್ದರೆ, ಏರಿ ಎಷ್ಟು ಭದ್ರವಾಗಿದ್ದರೇನು? ಬೇಸಿಗೆಯಲ್ಲಿ ಕೆರೆ ಬತ್ತುತ್ತದೆ; ಮಳೆಗಾಲದಲ್ಲಿ ದಾರಿ ತಪ್ಪಿದ ನೀರು ಮನೆಗಳಿಗೆ ನುಗ್ಗುತ್ತದೆ.

ಹಕ್ಕಿಗಳ ನೆಂಟಸ್ತಿಕೆ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಯಾರಿಗೆ ತಿಳಿಯದು? ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸರ್ ಪಟ್ಟಣದಲ್ಲಿ ಜೌಗುನೆಲಗಳ ರಕ್ಷಣೆಗೆ ರಾಷ್ಟ್ರಗಳ ಒಪ್ಪಂದವಾಯಿತಷ್ಟೆ. ಭಾರತ ಅದನ್ನು ಸೇರಿದ್ದು 1982ರಲ್ಲಿ. ಆ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ ಹಿರಿಮೆ ರಂಗನತಿಟ್ಟಿನದು; ವರ್ಷ 2022.

ಆದರೆ ಹಕ್ಕಿಗೆ ಪಟ್ಟಿಯ ಅರಿವಿಲ್ಲ. ಗೂಡು ಒಂದೆಡೆಯಾದರೆ ಮೇವು ಇನ್ನೊಂದೆಡೆ. ಬಣ್ಣದ ಕೊಕ್ಕರೆಯೂ ಹೆಜ್ಜಾರ್ಲೆಯೂ ಮರಿಗಳಿಗೆ ಮೀನು ಹುಡುಕುತ್ತ ಸುತ್ತಣ ಕೆರೆಗಳಿಗೆ ಹಾರುತ್ತವೆ. ಕುಕ್ಕರಹಳ್ಳಿಯ ನಡುಗಡ್ಡೆಯಲ್ಲಿ ಹೆಜ್ಜಾರ್ಲೆಗಳು ಸಂಸಾರ ಹೂಡುವುದೂ ಉಂಟು. ಸಣ್ಣ ಕೆರೆಗಳು ಬತ್ತಿದರೆ ದೊಡ್ಡ ಪಕ್ಷಿಧಾಮವೂ ಬಡವಾಗದೆ ಇರದು.

ಕಾನೂನಿನ ಕೊರೆ, ಮನೆಯ ಹೊಣೆ

ಕೇಂದ್ರ ಸರ್ಕಾರ 2017ರಲ್ಲಿ ಜೌಗುನೆಲಗಳ ರಕ್ಷಣೆಗೆ ನಿಯಮಗಳನ್ನು ಮಾಡಿತು. ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರೇ ಕಟ್ಟಿದ ಜಲಾಶಯಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ಕರ್ನಾಟಕದ ಕೆರೆಗಳು ಬಹುಮಟ್ಟಿಗೆ ಆ ಬಗೆಯವೇ! ಆದುದರಿಂದ ನಾಗರಿಕರ ಎಚ್ಚರ ಇಲ್ಲಿ ಹೆಚ್ಚು ಬೇಕು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮನೆಯ ಕೊಳಚೆ ಮಳೆನೀರಿನ ಚರಂಡಿಗೆ ಸೇರದಂತೆ ನೋಡಿಕೊಳ್ಳಬಹುದು. ಬಣ್ಣ ಬಳಿದ ಗಣಪತಿಗೆ ಬದಲು ಹಸಿಮಣ್ಣಿನ ಗಣಪತಿಯನ್ನು ಪೂಜಿಸಿ ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಬಹುದು. ಹೊಸ ನಿವೇಶನ ಕೊಳ್ಳುವ ಮುನ್ನ, ಅದು ಹಿಂದೆ ಕಾಲುವೆಯೋ ಕೆರೆಯಂಗಳವೋ ಆಗಿತ್ತೆ ಎಂದು ಹಳೆಯ ನಕ್ಷೆಯಲ್ಲಿ ನೋಡಬಹುದು. ಭಾನುವಾರ ಮಕ್ಕಳನ್ನು ಕೆರೆಗೆ ಕರೆದೊಯ್ದಾಗ, ಏರಿಯ ಮೇಲೆ ನಡೆಸಿದರೆ ಸಾಲದು. ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತೋರಿಸಬೇಕು. ಆ ದಾರಿಯನ್ನು ಬಲ್ಲವರು ಊರಿನಲ್ಲಿರುವವರೆಗೆ ಕುಕ್ಕರಹಳ್ಳಿಗೆ ಮೈದಾನದ ಪಟ್ಟ ಕಟ್ಟುವುದು ಸುಲಭವಲ್ಲ.